ಮನೆಯಲ್ಲಿ ಕುಳಿತು ಲೋಕಕ್ಕೆ ಕಿವಿಗೊಡೋಣ

ಕರಾವಳಿಯ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಪರದೇಶದಲ್ಲಿ ಒಬ್ಬರಾದರೂ ಇಲ್ಲದ ಮನೆಯನ್ನು ಹುಡುಕುವುದು ಕಷ್ಟ. ಕುವೈತ್, ದುಬೈ, ಮಸ್ಕತ್‌ಗಳು ಒಂದು ಕಾಲಕ್ಕೆ ನಮ್ಮ ಪಾಲಿಗೆ ಪರದೇಶವೆಂಬುದರ ಇನ್ನೊಂದು ಹೆಸರಾಗಿದ್ದವು. ಇಂದು ಆ ಪಟ್ಟಿಗೆ ಐರ್ಲೆಂಡ್, ಜರ್ಮನಿ, ಕೆನಡಾ, ಇಸ್ರೇಲ್, ನ್ಯೂಜಿಲೆಂಡ್‌ಗಳೂ ಸೇರಿವೆ. ಮಗಳು ದಾದಿಯಾಗಿ ದುಡಿಯುತ್ತಿರುವ ಊರಿನ ಹೆಸರು ತಾಯಿಗೆ ಗೊತ್ತು. ಅಲ್ಲಿನ ಸಂಬಳ, ವೀಸಾದ ಅವಧಿ, ಹಣದ ವಿನಿಮಯ ದರ ಇವೆಲ್ಲವೂ ಗೊತ್ತು. ರಾತ್ರಿ ಜಪಸರ ಮುಗಿದ ಮೇಲೆ ಮೊಬೈಲಿನ ಪರದೆಯಲ್ಲಿ ಮಗಳ ಮುಖವನ್ನೂ ನೋಡಬಹುದು. ಆದರೆ ಆ ಮುಖದ ಹಿಂದೆ ಇರುವ ಊರು ನಮಗೆ ಕಾಣಿಸುವುದಿಲ್ಲ. ಅಲ್ಲಿನ ಜನರು ಬೆಳಿಗ್ಗೆ ಎದ್ದು ಏನು ಮಾತನಾಡಿಕೊಳ್ಳುತ್ತಾರೆ, ಯಾವುದಕ್ಕೆ ಚಿಂತಿಸುತ್ತಾರೆ, ಯಾವ ಹಾಡಿಗೆ ತಲೆದೂಗುತ್ತಾರೆ ಎಂಬುದರ ಅರಿವು ನಮಗಿಲ್ಲ. ನಮ್ಮ ಮಕ್ಕಳನ್ನು ನಾವು ಪರದೇಶಕ್ಕೆ ಕಳುಹಿಸಿಕೊಟ್ಟಿದ್ದೇವೆ. ಆ ದೇಶವನ್ನು ಮಾತ್ರ ನಮ್ಮ ಮನೆಯೊಳಗೆ ಬರಮಾಡಿಕೊಂಡಿಲ್ಲ.

ಈ ಕೊರತೆಯನ್ನು ಹೆಚ್ಚು ಖರ್ಚಿಲ್ಲದೆ, ಮನೆ ಬಿಟ್ಟು ಕದಲದೆ ಬಹುಮಟ್ಟಿಗೆ ನೀಗಿಸಿಕೊಳ್ಳಲು ಸಾಧ್ಯವಿದೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದ ಸಾಧನ ಈಗಾಗಲೇ ಹೆಚ್ಚಿನ ಮನೆಗಳಲ್ಲಿ ಇದೆ. ಅಂತರ್ಜಾಲದ ಮೂಲಕ ಕೇಳಿಬರುವ ರೇಡಿಯೋವೇ ಆ ದಾರಿ.

ಹಳೆಯ ಅಭ್ಯಾಸ, ಹೊಸ ಬಾಗಿಲು

ಲೋಕಕ್ಕೆ ಕಿವಿಗೊಡುವುದು ನಮಗೆ ಹೊಸತಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 30 ವ್ಯಾಟ್‌ನ ಒಂದು ಪುಟ್ಟ ಪ್ರೇಷಕ ಯಂತ್ರವನ್ನಿಟ್ಟುಕೊಂಡು ತಮ್ಮ ಮನೆಯಿಂದಲೇ ಬಾನುಲಿ ಬಿತ್ತರಿಸತೊಡಗಿದರು. ಅವರ ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆಯ ಹೆಸರಾಯಿತು. 1952ರಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದಾಗ ನಮ್ಮ ಜನರು ಸುಮ್ಮನೆ ಕೂರಲಿಲ್ಲ. ಮುಳ್ಳನ್ನು ತಿರುಗಿಸಿ ಕಡಲಾಚೆಯ ರೇಡಿಯೋ ಸಿಲೋನನ್ನು ಹುಡುಕಿಕೊಂಡರು. ಅಮೀನ್ ಸಯಾನಿಯವರ ಧ್ವನಿಯನ್ನು ಮನೆಯ ಧ್ವನಿಯನ್ನಾಗಿ ಮಾಡಿಕೊಂಡರು. 1957ರಲ್ಲಿ ವಿವಿಧ ಭಾರತಿ ಹುಟ್ಟಿಕೊಳ್ಳಲು ಕೇಳುಗರ ಈ ವಲಸೆಯೂ ಒಂದು ಕಾರಣವಾಗಿತ್ತು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ನಮ್ಮವರ ಸುದ್ದಿ ತಿಳಿಯಲು ದೂರವಾಣಿ ಇಲ್ಲದಾಯಿತು. ಆ ದಿನಗಳಲ್ಲಿ ಮನೆಮಂದಿಯೆಲ್ಲ ಟ್ರಾನ್ಸಿಸ್ಟರಿನ ಸುತ್ತ ಕುಳಿತು, ಕರ್ಕಶ ಸದ್ದಿನ ನಡುವೆ ವಾರ್ತೆಯ ಒಂದೊಂದು ಮಾತನ್ನೂ ಹೆಕ್ಕಿಕೊಂಡದ್ದನ್ನು ಹಿರಿಯರು ಇನ್ನೂ ಮರೆತಿಲ್ಲ.

ಅಂದು ನಮ್ಮನ್ನು ತಲುಪುತ್ತಿದ್ದುದು ಕಿರುತರಂಗ, ಅಂದರೆ ಶಾರ್ಟ್‌ವೇವ್. ಭೂಮಿಯಿಂದ ಹೊರಟ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಹಿಂದಿರುಗಿ ಸಾವಿರಾರು ಮೈಲಿ ದೂರ ಬಂದಿಳಿಯುತ್ತಿದ್ದವು. ಆ ಬಾಗಿಲುಗಳಲ್ಲಿ ಹಲವು ಇಂದು ಮುಚ್ಚಿವೆ. ರೇಡಿಯೋ ಆಸ್ಟ್ರೇಲಿಯಾ 2017ರಲ್ಲಿ ಕಿರುತರಂಗವನ್ನು ಕೈಬಿಟ್ಟಿತು. ಮನಿಲಾದಿಂದ ಏಷ್ಯಾದ ಹಲವು ಭಾಷೆಗಳಲ್ಲಿ ಮಾತನಾಡುತ್ತಿದ್ದ ರೇಡಿಯೋ ವೆರಿತಾಸ್ ಏಷ್ಯಾ 2018ರಲ್ಲಿ ಅಂತರ್ಜಾಲಕ್ಕೆ ವರ್ಗವಾಯಿತು. ಬಿ.ಬಿ.ಸಿ. ಹಿಂದಿ ಸೇವೆಯ ಕಿರುತರಂಗ ಪ್ರಸಾರ 2020ರ ಜನವರಿ 31ಕ್ಕೆ ನಿಂತಿತು.

ಇತ್ತ ಹೊಸ ಬಾಗಿಲೊಂದು ತೆರೆಯಿತು. 1994ರ ನವೆಂಬರ್ 7ರಂದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ವಿದ್ಯಾರ್ಥಿಗಳು ನಡೆಸುವ ಡಬ್ಲ್ಯು.ಎಕ್ಸ್.ವೈ.ಸಿ. ಎಂಬ ನಿಲಯವು ತನ್ನ ಪ್ರಸಾರವನ್ನು ಏಕಕಾಲಕ್ಕೆ ಅಂತರ್ಜಾಲದಲ್ಲೂ ಹರಿಯಬಿಟ್ಟಿತು. ಅಲ್ಲಿಂದೀಚೆಗೆ ಸಾವಿರಾರು ನಿಲಯಗಳು ಆ ದಾರಿ ಹಿಡಿದಿವೆ. 2016ರಲ್ಲಿ ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ‘ರೇಡಿಯೋ ಗಾರ್ಡನ್’ ಈ ನಿಲಯಗಳನ್ನು ಒಂದು ತಿರುಗುವ ಭೂಗೋಳದ ಮೇಲೆ ಹಸಿರು ಚುಕ್ಕಿಗಳಾಗಿ ತೋರಿಸುತ್ತದೆ. ಬೆರಳಿನಿಂದ ಗೋಳವನ್ನು ಉರುಳಿಸಿ ಯಾವುದಾದರೊಂದು ಚುಕ್ಕಿಯ ಮೇಲೆ ನಿಲ್ಲಿಸಿದರಾಯಿತು, ಆ ಊರಿನ ರೇಡಿಯೋ ಮಾತನಾಡತೊಡಗುತ್ತದೆ. ಹಿಂದಿನ ಕರ್ಕಶ ಸದ್ದಿಲ್ಲ, ಮಳೆಗಾಲದ ಸಿಡಿಲಿನ ಅಡ್ಡಿಯಿಲ್ಲ. ಸಾಮಾನ್ಯ ಗುಣಮಟ್ಟದ ಪ್ರಸಾರವನ್ನು ಒಂದು ಗಂಟೆ ಕೇಳಿದರೆ 30ರಿಂದ 60 ಎಂ.ಬಿ.ಯಷ್ಟು ಡೇಟಾ ಸಾಕು. ಮಕ್ಕಳು ವಿಡಿಯೋ ನೋಡುತ್ತ ವ್ಯಯಿಸುವುದಕ್ಕೆ ಹೋಲಿಸಿದರೆ ಇದು ಅತ್ಯಲ್ಪ.

ಒಂದು ಸಂಜೆಯ ಯಾತ್ರೆ

ಹೀಗೆ ಕೇಳುವುದರಿಂದ ಏನು ದೊರೆಯುತ್ತದೆ ಎಂಬುದನ್ನು ಕೆಲವು ಉದಾಹರಣೆಗಳಿಂದ ನೋಡೋಣ.

ಐರ್ಲೆಂಡಿನ ರಾಷ್ಟ್ರೀಯ ರೇಡಿಯೋದಲ್ಲಿ 1950ರ ಆಗಸ್ಟ್ 15ರಿಂದ ತ್ರಿಕಾಲ ಪ್ರಾರ್ಥನೆಯ ಗಂಟೆ ಮೊಳಗುತ್ತ ಬಂದಿದೆ. ಇಂದಿಗೂ ಆರ್.ಟಿ.ಇ. ರೇಡಿಯೋ ಒಂದರಲ್ಲಿ ಮಧ್ಯಾಹ್ನ 12ಕ್ಕೆ ಹಾಗೂ ಸಂಜೆ 6ಕ್ಕೆ ಅದನ್ನು ಕೇಳಬಹುದು. ಅಲ್ಲಿನ ಮಧ್ಯಾಹ್ನ ಚಳಿಗಾಲದಲ್ಲಿ ನಮ್ಮ ಸಂಜೆಯ 5.30, ಬೇಸಿಗೆಯಲ್ಲಿ 4.30. ಡಬ್ಲಿನ್ನಿನ ಆಸ್ಪತ್ರೆಯಲ್ಲಿ ದುಡಿಯುವ ಮಗಳ ಕಿವಿಗೆ ಬೀಳುವ ಗಂಟೆಯನ್ನು ಬೆಳ್ತಂಗಡಿಯ ಮನೆಯಲ್ಲಿ ತಾಯಿಯೂ ಕೇಳಬಹುದು. ಅದರ ಬೆನ್ನಿಗೇ ಬರುವ ವಾರ್ತೆಗಳಲ್ಲಿ ಬಾಡಿಗೆ ಮನೆಗಳ ಅಭಾವ, ಆಸ್ಪತ್ರೆಗಳಲ್ಲಿನ ನೂಕುನುಗ್ಗಲು, ವಲಸಿಗರ ಕುರಿತ ವಾಗ್ವಾದಗಳೂ ಕೇಳಿಬರುತ್ತವೆ. ಮಗಳು ಫೋನಿನಲ್ಲಿ ಹೇಳದೆ ಉಳಿಸಿಕೊಂಡ ಎಷ್ಟೋ ಕಷ್ಟಗಳು ಆಗ ತಾಯಿಗೆ ತಾವಾಗಿಯೇ ಅರ್ಥವಾಗುತ್ತವೆ. “ಊಟ ಆಯಿತೇ” ಎಂಬಲ್ಲಿಗೆ ನಿಲ್ಲುತ್ತಿದ್ದ ಮಾತು ಮುಂದುವರಿಯಲು ದಾರಿಯಾಗುತ್ತದೆ.

ಐಸ್‌ಲೆಂಡ್ ನಾಲ್ಕು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ದ್ವೀಪ. ಅಲ್ಲಿನ ರಾಷ್ಟ್ರೀಯ ರೇಡಿಯೋದಲ್ಲಿ 1944ರಿಂದ ಪ್ರತಿವರ್ಷ ತಪಸ್ಸುಕಾಲದ ಸಂಜೆಗಳಲ್ಲಿ 17ನೇ ಶತಮಾನದ ಕವಿ ಹಾಲ್‌ಗ್ರಿಮುರ್ ಪೆಟುರ್ಸನ್ ಬರೆದ 50 ಯಾತನಾ ಗೀತೆಗಳನ್ನು ಒಂದೊಂದಾಗಿ ಓದುತ್ತಾರೆ. ಆ ಕವಿ ಲೂಥರನ್ ಪಂಥದ ಬೋಧಕ, ಆ ದೇಶದಲ್ಲಿ ಬಹುಸಂಖ್ಯಾತರೂ ಲೂಥರನ್ನರೇ. ಆದರೂ ತಪಸ್ಸುಕಾಲದಲ್ಲಿ ಮನೆಯಲ್ಲಿ ಪಾಶ್ಕಾ ಗೀತೆಗಳನ್ನು ಹಾಡುವ ನಮಗೆ ಆ ದನಿಯ ಗಾಂಭೀರ್ಯ ಅಪರಿಚಿತವೆನಿಸದು. ಇಷ್ಟು ಚಿಕ್ಕ ಸಮುದಾಯವೊಂದು ತನ್ನ ಭಾಷೆಯ ಹಳೆಯ ಕಾವ್ಯವನ್ನು ಎಂಟು ದಶಕಗಳಿಂದ ಕೇಳುತ್ತ ಬಂದಿರುವುದು ಕೊಂಕಣಿ, ತುಳು ಭಾಷೆಗಳ ನಾಳೆಯ ಕುರಿತು ಚಿಂತಿಸುವವರಿಗೆಲ್ಲ ಪಾಠವಾಗಬಲ್ಲದು.

ನ್ಯೂಜಿಲೆಂಡಿನ ರಾಷ್ಟ್ರೀಯ ರೇಡಿಯೋ ಬೆಳಗಿನ ವಾರ್ತೆಗೆ ಮುನ್ನ ಆ ನಾಡಿನ ಯಾವುದಾದರೊಂದು ಹಕ್ಕಿಯ ಕೂಗನ್ನು ಕೇಳಿಸುತ್ತದೆ. ಆಗ ನಮ್ಮಲ್ಲಿ ನಡುರಾತ್ರಿಯ ಆಸುಪಾಸು. ಬ್ರಿಟನ್ನಿನ ಬಿ.ಬಿ.ಸಿ. ರೇಡಿಯೋ ನಾಲ್ಕರಲ್ಲಿ 31 ಕಡಲ ಪ್ರದೇಶಗಳ ಗಾಳಿಮಳೆಯ ಮುನ್ಸೂಚನೆಯನ್ನು ಹೆಸರು ಹಿಡಿದು ಓದುತ್ತಾರೆ. ಮೀನುಗಾರಿಕೆಯ ಕಷ್ಟಸುಖ ಬಲ್ಲ ನಮ್ಮ ಕರಾವಳಿಯವರಿಗೆ ಆ ಓದಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿಯೇ ಆಗಲಿ, ಕಡಲಿಗಿಳಿದವನ ಹೆಂಡತಿಗೆ ಹವಾಮಾನ ವಾರ್ತೆ ಎಂಬುದು ಬರಿಯ ವಾರ್ತೆಯಲ್ಲ.

ರೇಡಿಯೋ ಯಾರಿಗಾಗಿ?

ಸಂಗೀತಕ್ಕೂ ಕಾಲಕ್ಷೇಪಕ್ಕೂ ಬೇರೆ ಸಾಧನಗಳು ಸಾಕಷ್ಟಿವೆ. ರೇಡಿಯೋ ಏಕೆ ಎಂದು ಯುವಕರು ಕೇಳಬಹುದು. ಇದಕ್ಕೆ ಉತ್ತರವನ್ನು ರೇಡಿಯೋದ ಚರಿತ್ರೆಯಲ್ಲೇ ಹುಡುಕಬೇಕು.

ಮಾರ್ಕೋನಿಯವರೇ ನಿಂತು ಕಟ್ಟಿಸಿದ ವ್ಯಾಟಿಕನ್ ರೇಡಿಯೋವನ್ನು 1931ರ ಫೆಬ್ರವರಿ 12ರಂದು ಜಗದ್ಗುರು 11ನೇ ಪಯಸ್ ಉದ್ಘಾಟಿಸಿದರು. ಎರಡನೆಯ ಮಹಾಯುದ್ಧ ಹಬ್ಬಿದಾಗ ಆ ನಿಲಯವು ಕಾಣೆಯಾದವರ, ಸೆರೆಸಿಕ್ಕವರ ಹೆಸರುಗಳನ್ನು ಓದುವ ಕೆಲಸಕ್ಕಿಳಿಯಿತು. 1940ರಿಂದ 1946ರವರೆಗೆ ಅದು ಹೀಗೆ ಬಿತ್ತರಿಸಿದ ಸಂದೇಶಗಳು 12 ಲಕ್ಷಕ್ಕೂ ಮಿಕ್ಕಿದ್ದವು. ದೂರದ ಹಳ್ಳಿಯಲ್ಲಿದ್ದ ತಾಯಿಗೆ ಮಗ ಬದುಕಿದ್ದಾನೆಂದು ತಿಳಿಸಲು ಒಂದು ಹೆಸರು, ಒಂದು ಊರು, ಎರಡು ಮಾತು ಸಾಕಾಗಿತ್ತು. 2024ರಲ್ಲಿ ವ್ಯಾಟಿಕನ್ ನ್ಯೂಸ್ ತನ್ನ ಭಾಷೆಗಳ ಸಾಲಿಗೆ ಕನ್ನಡವನ್ನೂ ಸೇರಿಸಿಕೊಂಡಿರುವುದು ನಮಗೆ ಸಂತೋಷದ ಸಂಗತಿ.

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 1947ರಲ್ಲಿ ಹೊಸೆ ಹೊವಾಕಿನ್ ಸಾಲ್ಸೇದೊ ಎಂಬ ತರುಣ ಧರ್ಮಗುರುಗಳು ಸುತಾತೆನ್ಸಾ ಎಂಬ ಬೆಟ್ಟದ ಹಳ್ಳಿಯಲ್ಲಿ ಒಂದು ಪುಟ್ಟ ನಿಲಯವನ್ನು ಆರಂಭಿಸಿದರು. ಓದುಬರಹ ಬಾರದ ರೈತ ಕುಟುಂಬಗಳು ಬ್ಯಾಟರಿಯ ರೇಡಿಯೋದ ಮುಂದೆ ಕುಳಿತುಕೊಳ್ಳುತ್ತಿದ್ದವು. ಅಕ್ಷರ ಬಲ್ಲ ನೆರೆಯವರೊಬ್ಬರು ರೇಡಿಯೋದಲ್ಲಿ ಹೇಳಿದ್ದನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಓದು, ಲೆಕ್ಕ, ಬೇಸಾಯ, ಆರೋಗ್ಯ ಎಲ್ಲವನ್ನೂ ಹೀಗೆ ಕಲಿಸಿದ ಆ ನಿಲಯ ನಾಲ್ಕು ದಶಕಗಳ ಕಾಲ ದೇಶದ ಹಳ್ಳಿಗಳಿಗೆ ಶಾಲೆಯಾಯಿತು. ಅದೇ ದೇಶದಲ್ಲಿ ಬಂಡುಕೋರರು ಜನರನ್ನು ಅಪಹರಿಸಿ ವರ್ಷಗಟ್ಟಲೆ ಕಾಡಿನಲ್ಲಿ ಸೆರೆಯಿಡುತ್ತಿದ್ದ ಕಾಲದಲ್ಲಿ ಎರ್ಬಿನ್ ಓಯೋಸ್ ಎಂಬ ಪತ್ರಕರ್ತರು 1994ರಲ್ಲಿ ಇನ್ನೊಂದು ಕಾರ್ಯಕ್ರಮವನ್ನು ಹುಟ್ಟುಹಾಕಿದರು. ಅವರು ಸ್ವತಃ ಅಪಹರಣಕ್ಕೊಳಗಾಗಿ ಬಿಡುಗಡೆಯಾಗಿ ಬಂದವರು. ಭಾನುವಾರ ಬೆಳಗಾಗುವ ಮುನ್ನ ಸೆರೆಯಾಳುಗಳ ತಾಯಂದಿರೂ ಮಕ್ಕಳೂ ರೇಡಿಯೋದಲ್ಲಿ ಮಾತನಾಡುತ್ತಿದ್ದರು. ಕಾಡಿನಲ್ಲಿ ಟ್ರಾನ್ಸಿಸ್ಟರ್ ದೊರೆತವರು ಅದನ್ನು ಕೇಳಿ ಜೀವ ಹಿಡಿದುಕೊಳ್ಳುತ್ತಿದ್ದರು. ಆ ಕಾರ್ಯಕ್ರಮ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು.

ಇವೆಲ್ಲವುಗಳಲ್ಲಿ ಸಾಮಾನ್ಯವಾದ ಒಂದು ಅಂಶವಿದೆ. ರೇಡಿಯೋ ಮಾತನಾಡುವುದು ತನ್ನ ಊರಿನವರೊಡನೆ. ಪ್ರವಾಸಿಗರನ್ನು ಸೆಳೆಯಲೆಂದು ತೆಗೆದ ಚಿತ್ರಗಳಲ್ಲಿ ಊರು ಹಬ್ಬದ ಉಡುಪು ಧರಿಸಿರುತ್ತದೆ. ಸ್ಥಳೀಯ ರೇಡಿಯೋದಲ್ಲಿ ಅದು ಮನೆಯುಡುಪಿನಲ್ಲೇ ಇರುತ್ತದೆ. ರಸ್ತೆ ಬಂದ್ ಆಗಿದೆ, ಬೆಣ್ಣೆಯ ಬೆಲೆ ಏರಿದೆ, ಶಾಲೆಗೆ ನಾಳೆ ರಜೆ ಎಂದು ಅದು ತನ್ನವರಿಗೆ ಹೇಳುತ್ತಿರುವಾಗ ನಾವು ಅತಿಥಿಗಳಂತೆ ಒಂದು ಮೂಲೆಯಲ್ಲಿ ಕುಳಿತು ಕೇಳುತ್ತೇವೆ. ಇದಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಮೊಬೈಲಿನ ವಿಡಿಯೋಗಳು ನಾವು ನಿನ್ನೆ ಮೆಚ್ಚಿದ್ದನ್ನೇ ಇಂದೂ ತಂದು ಒಡ್ಡುತ್ತವೆ. ರೇಡಿಯೋಗೆ ನಮ್ಮ ಅಭಿರುಚಿ ತಿಳಿಯದು; ನಾವು ಬಯಸದೇ ಇದ್ದ ವಿಷಯವನ್ನೂ ಅದು ನಮ್ಮೆದುರಿಗೆ ತರುತ್ತದೆ. ಮಕ್ಕಳ ಮನಸ್ಸು ವಿಶಾಲವಾಗುವುದು ಇಂಥ ಅನಿರೀಕ್ಷಿತ ಭೇಟಿಗಳಿಂದಲೇ.

ಭಾಷೆ ಅರ್ಥವಾಗದಿದ್ದರೆ ಕೇಳಿ ಏನು ಫಲ ಎಂಬ ಪ್ರಶ್ನೆಯೂ ನ್ಯಾಯವಾದುದೇ. ಐರ್ಲೆಂಡ್, ನ್ಯೂಜಿಲೆಂಡ್, ಕೆನಡಾಗಳ ಬಹಳಷ್ಟು ನಿಲಯಗಳು ಇಂಗ್ಲಿಷಿನಲ್ಲಿವೆ. ಜರ್ಮನಿಗೆ ಹೋಗಲು ಭಾಷಾ ಪರೀಕ್ಷೆಗೆ ಕೂರುವ ನಮ್ಮ ದಾದಿಯರಿಗೆ ಪುಸ್ತಕದ ಜರ್ಮನ್ ಮಾತ್ರ ಸಾಲದು. ವಾರ್ಡಿನಲ್ಲಿ ರೋಗಿ ಆಡುವ ಮಾತಿನ ವೇಗಕ್ಕೆ ಕಿವಿ ಒಗ್ಗಬೇಕು. ಡಾಯ್ಚ ವೆಲ್ಲ ಸಂಸ್ಥೆಯು ಕಲಿಯುವವರಿಗೆಂದೇ ವಾರ್ತೆಗಳನ್ನು ನಿಧಾನವಾಗಿ ಓದಿ ಒದಗಿಸುತ್ತದೆ. ದಿನಕ್ಕೆ ಅರ್ಧ ಗಂಟೆ ಅದನ್ನು ಕೇಳಿ, ಬಳಿಕ ಜರ್ಮನಿಯ ಯಾವುದಾದರೊಂದು ಊರಿನ ರೇಡಿಯೋವನ್ನು ಆಲಿಸುವ ಅಭ್ಯಾಸವು ಕಲಿಕೆಯನ್ನು ಖಂಡಿತ ಸುಲಭಗೊಳಿಸುತ್ತದೆ.

ಗೋಪುರಗಳನ್ನು ಕೆಡವಬೇಡಿ

ಇಷ್ಟೆಲ್ಲ ಹೇಳಿದ ಮೇಲೂ ಅಂತರ್ಜಾಲದ ರೇಡಿಯೋ ಬಂದಿತೆಂದು ಹಳೆಯ ರೇಡಿಯೋವನ್ನು ಅಟ್ಟಕ್ಕೆ ಹಾಕಬಹುದೆಂಬ ವಾದವನ್ನು ನಾವು ಒಪ್ಪಲಾರೆವು. ಗೋಪುರದಿಂದ ಹೊರಡುವ ಅಲೆಗೆ ಕೇಳುಗ ಒಬ್ಬನಾದರೂ ಒಂದೇ, ಲಕ್ಷ ಮಂದಿಯಾದರೂ ಒಂದೇ. ಅಂತರ್ಜಾಲದಲ್ಲಿ ಹಾಗಲ್ಲ. ಪ್ರತಿಯೊಬ್ಬ ಕೇಳುಗನಿಗೂ ಪ್ರತ್ಯೇಕ ಹರಿವು ಬೇಕು, ನಡುವೆ ನೂರೆಂಟು ಕೊಂಡಿಗಳು ಕೆಲಸ ಮಾಡಬೇಕು. ಆದುದರಿಂದಲೇ ಧ್ವನಿ ಕೆಲವು ಸೆಕೆಂಡು ತಡವಾಗಿ ಬರುತ್ತದೆ; ಅಂತರ್ಜಾಲದ ರೇಡಿಯೋದ ಸಮಯಸೂಚನೆಗೆ ಗಡಿಯಾರವನ್ನು ಹೊಂದಿಸಿಕೊಳ್ಳುವಂತಿಲ್ಲ. ಅದು ಗಡಿಗಳಿಲ್ಲದ ಲೋಕವೂ ಅಲ್ಲ. ಹಕ್ಕುಸ್ವಾಮ್ಯದ ತೊಡಕಿನಿಂದಾಗಿ 2022ರಲ್ಲಿ ರೇಡಿಯೋ ಗಾರ್ಡನ್ ಬ್ರಿಟನ್ನಿನ ಕೇಳುಗರಿಗೆ ಹೊರದೇಶದ ನಿಲಯಗಳನ್ನು ಮುಚ್ಚಬೇಕಾಯಿತು.

ಆಪತ್ಕಾಲದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಆರಂಭವಾದಾಗ ಬಿ.ಬಿ.ಸಿ.ಯು ಅಲ್ಲಿಗಾಗಿ ಕಿರುತರಂಗ ಪ್ರಸಾರವನ್ನು ಮರಳಿ ತೆರೆಯಿತು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಒಮ್ಮೆಗೇ ವಿದ್ಯುತ್ ಹೋಗಿ ಮೊಬೈಲ್ ಜಾಲಗಳೂ ಕುಸಿದಾಗ ಜನರು ಅಂಗಡಿಗಳಲ್ಲಿ ಹುಡುಕಿದ್ದು ಬ್ಯಾಟರಿಯ ರೇಡಿಯೋಗಳನ್ನು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಘಟ್ಟದ ತಪ್ಪಲಿನ ಊರುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಿರಿಯರ ವಿಷಯವನ್ನೂ ಮರೆಯುವಂತಿಲ್ಲ. 2023ರ ಏಪ್ರಿಲ್ 14ರಂದು ಐರ್ಲೆಂಡಿನ ದೀರ್ಘತರಂಗ ಪ್ರಸಾರ ನಿಂತಾಗ ನೊಂದವರಲ್ಲಿ ಯೌವನದಲ್ಲಿ ಬ್ರಿಟನ್ನಿಗೆ ದುಡಿಯಲು ಹೋಗಿ ಅಲ್ಲಿಯೇ ಮುದುಕರಾದ ಐರಿಷ್ ಜನರೂ ಇದ್ದರು. ತಾಯ್ನಾಡಿನ ದನಿಗೆ ಅವರಿಗಿದ್ದ ಸುಲಭದ ದಾರಿ ಅದಾಗಿತ್ತು. ಅಂತರ್ಜಾಲದಲ್ಲಿ ಕೇಳಿ ಎಂದು ಹೇಳುವುದು ಸುಲಭ. ಎಂಬತ್ತು ದಾಟಿದವರ ಕೈಹಿಡಿದು ಕಲಿಸುವವರು ಯಾರು? ನಮ್ಮ ಮನೆಗಳಲ್ಲೂ ಈ ಪ್ರಶ್ನೆಯಿದೆ. ಮೊಮ್ಮಗನ ಬೆರಳಿಗೆ ಕ್ಷಣದಲ್ಲಿ ದೊರೆಯುವುದು ಅಜ್ಜಿಗೆ ದೊರೆಯುವುದಿಲ್ಲ. ಬೇಕಾದ ನಾಲ್ಕಾರು ನಿಲಯಗಳನ್ನು ಗುರುತುಮಾಡಿ ಪರದೆಯ ಮೇಲಿಟ್ಟು, ಒಂದೇ ಒತ್ತಿಗೆ ಹಾಡುವಂತೆ ಮಾಡಿಕೊಟ್ಟರೆ ಅದು ಅಜ್ಜಿಗೆ ದೊಡ್ಡ ಉಪಕಾರ. ವಾಳೆಯ ಗುರಿಕಾರರೂ ಯುವಜನರೂ ಮನಸ್ಸು ಮಾಡಿದರೆ ಒಂದು ಭಾನುವಾರದ ಅಪರಾಹ್ನದಲ್ಲಿ ಹತ್ತು ಮನೆಗಳಿಗೆ ಈ ಸೇವೆ ಸಲ್ಲಬಹುದು.

ನಮ್ಮ ಚುಕ್ಕಿಯೂ ಬೆಳಗಲಿ

ಕೇಳುವುದರ ಜೊತೆಗೆ ಕೇಳಿಸುವ ಹೊಣೆಯೂ ನಮ್ಮದಿದೆ. ಆ ಭೂಗೋಳದ ಮೇಲೆ ಐಸ್‌ಲೆಂಡಿನ ಚುಕ್ಕಿ ಹೊಳೆಯುವಂತೆ ನಮ್ಮ ಭಾಷೆಗಳ ಚುಕ್ಕಿಯೂ ಹೊಳೆಯಬೇಕು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯು ಕನ್ನಡದೊಂದಿಗೆ ತುಳು, ಕೊಂಕಣಿಗಳಿಗೂ ದನಿಯಾಗಿದೆ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ಸಾರಂಗ್ 107.8 ಸಮುದಾಯ ಬಾನುಲಿಯಲ್ಲಿ ಬ್ಯಾರಿ ಭಾಷೆಯ ಕಾರ್ಯಕ್ರಮಗಳೂ ಮೂಡಿಬಂದಿವೆ. ಆಕಾಶವಾಣಿಯ ಬಹುಪಾಲು ನಿಲಯಗಳನ್ನು ಇಂದು ಅದರದೇ ಆ್ಯಪ್ ಮೂಲಕ ಎಲ್ಲಿಂದಲಾದರೂ ಕೇಳಬಹುದು. ಟೊರಾಂಟೊದಲ್ಲಿ ಹುಟ್ಟಿದ ಮೊಮ್ಮಗುವಿಗೆ ಕೊಂಕಣಿಯೋ ಕನ್ನಡವೋ ಮನೆಯೊಳಗಿನ ನಾಲ್ಕು ಮಾತುಗಳಾಗಿ ಮಾತ್ರ ಉಳಿಯಬಾರದು. ಅದು ವಾರ್ತೆ ಓದುವ, ನಾಟಕ ಆಡುವ, ತಮಾಷೆ ಮಾಡುವ ಭಾಷೆಯೆಂಬುದು ಆ ಮಗುವಿಗೆ ತಿಳಿಯಬೇಕು. ಆ ತಿಳಿವಳಿಕೆಯನ್ನು ವಾರಕ್ಕೊಮ್ಮೆ ಬರುವ ಅಜ್ಜಿಯ ಫೋನ್ ಒಂದೇ ಕೊಡಲಾರದು, ರೇಡಿಯೋ ಕೊಡಬಲ್ಲದು. ಆದರೆ ಕೇಳುಗರಿಲ್ಲದ ಕಾರ್ಯಕ್ರಮ ಬಹುಕಾಲ ಉಳಿಯುವುದಿಲ್ಲ. ಹಿಂದೆ ಕೋರಿಕೆಯ ಹಾಡಿಗಾಗಿ ಕಾರ್ಡು ಬರೆಯುತ್ತಿದ್ದ ನಮ್ಮವರು ಇಂದು ಮೆಚ್ಚಿದ ಕಾರ್ಯಕ್ರಮಕ್ಕೆ ಎರಡು ಸಾಲು ಬರೆದು ತಿಳಿಸುವ ಸೌಜನ್ಯವನ್ನು ಉಳಿಸಿಕೊಳ್ಳಬೇಕು.

ನಮ್ಮ ಕುಟುಂಬಗಳಿಗೆ ನಾವು ಸೂಚಿಸುವುದಿಷ್ಟೇ. ವಾರದಲ್ಲಿ ಒಂದು ಸಂಜೆ ಟಿ.ವಿ. ಆರಿಸಿ. ಗೋಡೆಯ ಮೇಲೊಂದು ಭೂಪಟ ತೂಗುಹಾಕಿ. ನಮ್ಮಲ್ಲಿ ಸಂಜೆ 6.30 ಆದಾಗ ಬೊಗೋಟಾದಲ್ಲಿ ಬೆಳಗಿನ 8 ಗಂಟೆ, ಟೋಕಿಯೋದಲ್ಲಿ ರಾತ್ರಿಯ 10 ಗಂಟೆ. ಅದನ್ನು ಮಕ್ಕಳೇ ಲೆಕ್ಕ ಹಾಕಿ ಹೇಳಲಿ. ಮೊದಲು ಮನೆಯವರು ದುಡಿಯುವ ಊರನ್ನು ಕೇಳಿ, ಬಳಿಕ ನಮ್ಮವರು ಯಾರೂ ಇಲ್ಲದ ಒಂದು ಊರನ್ನು ಕೇಳಿ. ಎರಡನೆಯದನ್ನು ಬಿಡದೆ ಮಾಡಬೇಕೆಂದು ನಮ್ಮ ವಿನಂತಿ. ನಮಗೆ ಲಾಭವಿರುವ ದೇಶಗಳ ಸುದ್ದಿಯನ್ನು ಎಲ್ಲರೂ ಕೇಳುತ್ತಾರೆ. ನಮಗೆ ಏನೂ ಆಗಬೇಕಾಗಿಲ್ಲದ ಊರಿನ ಸುಖದುಃಖಕ್ಕೆ ಅರ್ಧ ಗಂಟೆ ಕಿವಿಗೊಟ್ಟ ಮಗು ನಾಳೆ ತನ್ನ ಬೀದಿಯಲ್ಲಿ ಬೇರೆ ಭಾಷೆಯಾಡುವ ಕೂಲಿಯವನನ್ನು ಕಂಡಾಗ ಅವನ ಊರು ಯಾವುದೆಂದು ಆದರದಿಂದ ವಿಚಾರಿಸೀತು. ನಮ್ಮ ಮಕ್ಕಳನ್ನು ಪರನಾಡಿನ ಜನರು ಆದರದಿಂದ ವಿಚಾರಿಸಲಿ ಎಂದು ದಿನವೂ ಪ್ರಾರ್ಥಿಸುವ ಮನೆಗಳಿಂದ ಇಷ್ಟನ್ನು ನಿರೀಕ್ಷಿಸುವುದು ಹೆಚ್ಚಾಗಲಾರದು.